ಫಲವತ್ತಾದ ದಿನಗಳನ್ನು ಅರಿಯುವುದು



ಪ್ರಬೋಧನಾ ಪೀಠದಿಂದ ನಾವು ಆಡದ ಮಾತೊಂದನ್ನು ಈ ಸಭೆಯಲ್ಲಿ ಆಡಬೇಕಾಗಿದೆ. ಮುಟ್ಟಾದ ಹದಿನಾಲ್ಕನೆಯ ದಿನವೇ ಅಂಡವು ಬಿಡುಗಡೆಯಾಗುವುದೆಂದು ಪಂಚಾಂಗ ನೋಡಿದಂತೆ ಎಣಿಸುವವರು ಹಲವರಿದ್ದಾರೆ. ಅದು ಎಲ್ಲರಿಗೂ ಸಲ್ಲದು. ಜಪಾನಿನ ವೈದ್ಯ ಓಗಿನೊ 1924ರಲ್ಲಿ ತೋರಿಸಿದ್ದು ಬೇರೆಯೇ: ಮುಂದೆ ಬರಲಿರುವ ಮುಟ್ಟಿನಿಂದ ಹಿಂದಕ್ಕೆ 12ರಿಂದ 16 ದಿನ ಎಣಿಸಬೇಕು. ಆ ಮುಟ್ಟು ಎಂದು ಬರುವುದೆಂದು ಮೊದಲೇ ಬಲ್ಲವರಾರು? ಎಣಿಕೆ ಸೋಲುವುದು ಇಲ್ಲಿಯೇ.

ಆದುದರಿಂದ ದೇಹವೇ ಕೊಡುವ ಗುರುತನ್ನು ನೋಡಬೇಕು. ಮೆಲ್ಬರ್ನ್ ನಗರದ ಡಾಕ್ಟರ್ ಜಾನ್ ಬಿಲ್ಲಿಂಗ್ಸ್ 1953ರಲ್ಲಿ ಈ ಶೋಧನೆಯನ್ನು ಆರಂಭಿಸಿದರು. ಬಳಿಕ ಪತ್ನಿ ಎವೆಲಿನ್ ಜೊತೆಗೂಡಿದರು. ಅಂಡೋತ್ಪತ್ತಿ ಸಮೀಪಿಸಿದಂತೆ ಗರ್ಭಕೊರಳಿನ ಸ್ರಾವವು ಹಸಿಮೊಟ್ಟೆಯ ಬಿಳಿಯಂತೆ ತೆಳುವಾಗಿ, ಜಾರುವಂತಾಗಿ, ಎಳೆಯಾಗಿ ಹಿಗ್ಗುವುದು. ಅಂಡದ ಆಯುಸ್ಸು ಒಂದು ದಿನವನ್ನು ಮೀರದು. ಪುರುಷಬೀಜವಾದರೋ ಆ ಸ್ರಾವದಲ್ಲಿ ಐದು ದಿನ ಬದುಕಬಲ್ಲದು. ಹೀಗೆ ಫಲವತ್ತಾದ ದಿನಗಳು ಸುಮಾರು ಆರು. 1968ರಲ್ಲಿ ಜಗದ್ಗುರು ಆರನೆಯ ಪೌಲರು ತಕ್ಕ ಕಾರಣವಿದ್ದಾಗ ನ್ಯಾಯವೆಂದದ್ದು ಈ ದಿನಗಳ ಸಂಯಮವನ್ನೇ.

ಅಕ್ಷರ ಬಾರದವರಿಗೆ ಇದು ಅಸಾಧ್ಯವೆನ್ನುವವರುಂಟು. ವಿಶ್ವ ಆರೋಗ್ಯ ಸಂಸ್ಥೆಯು ನಮ್ಮ ಬೆಂಗಳೂರೂ ಸೇರಿ ಐದು ಕೇಂದ್ರಗಳಲ್ಲಿ ನಡೆಸಿ 1981ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಂಥವರೂ ಇದ್ದರು. 869 ಸ್ತ್ರೀಯರಲ್ಲಿ ನೂರಕ್ಕೆ 93 ಮಂದಿ ಮೊದಲ ಋತುಚಕ್ರದಲ್ಲೇ ಗುರುತು ಹಿಡಿದರು. ಆದರೂ ಗರ್ಭ ನಿಂತ ಪ್ರಸಂಗಗಳು ಕಡಿಮೆಯಿರಲಿಲ್ಲ. ಹೆಚ್ಚಿನವು ದಿನ ತಿಳಿದೂ ನಿಯಮ ಮುರಿದುದರಿಂದ. ಗಂಡಂದಿರು ಇದನ್ನು ಗಮನವಿಟ್ಟು ಕೇಳಬೇಕು.

ಸಂತಾನಕ್ಕಾಗಿ ಹರಕೆ ಹೊತ್ತು ಬರುವವರಿಗೂ ಈ ಆರು ದಿನಗಳ ತಿಳಿವು ಬೇಕು. ವರ್ಷವೊಂದು ಕಳೆದರೂ ಫಲಿಸದಿದ್ದರೆ ಇಬ್ಬರೂ ವೈದ್ಯರನ್ನು ಕಾಣಲಿ. ಸೊಸೆಯೊಬ್ಬಳನ್ನೇ ಕಳುಹಿಸುವ ಅತ್ತೆಯಂದಿರಿಗೂ ನಾವು ಹೇಳುವುದು ಇದನ್ನೇ.