ಒಬ್ಬರೇ ಓದುವ ಪುಸ್ತಕವಲ್ಲ

ಪುಸ್ತಕದಂಗಡಿಯಲ್ಲಿ ಈಗ ಯಶಸ್ಸಿನ ದಾರಿ ಹೇಳುವ ಪುಸ್ತಕಗಳೇ ಮೊದಲು ಕಣ್ಣಿಗೆ ಬೀಳುತ್ತವೆ. ಆ ಸಾಲಿನ ಹಿರಿಯ ಪುಸ್ತಕ 'ಸೆಲ್ಫ್ ಹೆಲ್ಪ್' 1859ರಲ್ಲಿ ಬಂತು. ಬರೆದವರು ಸ್ಕಾಟ್ಲೆಂಡಿನ ಸ್ಯಾಮ್ಯುಯೆಲ್ ಸ್ಮೈಲ್ಸ್. ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ ದುಡಿಯುವ ಹುಡುಗರು ಕೆಲವರು ಸಂಜೆ ಹೊತ್ತು ಸೇರಿ, ಬಲ್ಲವರು ಬಾರದವರಿಗೆ ಓದು, ಬರಹ, ಲೆಕ್ಕ ಹೇಳಿಕೊಡುತ್ತಿದ್ದರು. ಜಾಗ ಸಾಲದೆ, ಹಿಂದೆ ಕಾಲರಾ ರೋಗಿಗಳನ್ನು ಇರಿಸಿದ್ದ, ಯಾರೂ ಬಾಡಿಗೆಗೆ ಕೇಳದ ಕೋಣೆಯನ್ನೇ ಹಿಡಿದರು. ಅವರ ಮುಂದೆ ಸ್ಮೈಲ್ಸ್ ಆಡಿದ ಮಾತುಗಳೇ ಆ ಪುಸ್ತಕದ ಬೇರು.

ನನಗೆ ದೊಡ್ಡದಾಗಿ ಕಾಣುವುದು ಎಲ್ಲರೂ ಕೂಡಿ ಕಲಿತ ಆ ಕೋಣೆ. ಯಶಸ್ಸಿನ ದಾರಿ ಹೇಳುವ ಪುಸ್ತಕಗಳನ್ನು ಒಂಟಿಯಾಗಿ ಓದಿ, ಫಲ ಸಿಗದೆ ತಮ್ಮನ್ನೇ ಹಳಿದುಕೊಳ್ಳುವ ಮಕ್ಕಳನ್ನು ಕಂಡರೆ ಸಂಕಟವಾಗುತ್ತದೆ. ಅಂಥ ಪುಸ್ತಕ ಕೊಂಡರೆ, ದಯವಿಟ್ಟು ಜೊತೆಗೊಬ್ಬರನ್ನು ಕೂರಿಸಿಕೊಂಡು ಓದಿ. ನಿಮಗೆ ಬರುವುದನ್ನು ಅವರಿಗೂ ಹೇಳಿಕೊಡಿ.