ಕಬ್ಬಿನ ಸೋಗೆಯೂ ಮೇಕೆಯ ಮರಿಗಳೂ



ನಾಲೆಯ ನೀರು ಹರಿದು, 1933ರಲ್ಲಿ ಮಂಡ್ಯದಲ್ಲಿ ಸಕ್ಕರೆಯ ಕಾರ್ಖಾನೆಯು ಸ್ಥಾಪಿತವಾದ ಬಳಿಕ ಮಂಡ್ಯ, ಮದ್ದೂರು, ಮಳವಳ್ಳಿಗಳ ಸೀಮೆಯಲ್ಲಿ ಕಬ್ಬು ಹಬ್ಬಿತು. ಕಟಾವಿನಲ್ಲಿ ಹಸುರು ಸೋಗೆಯು ರಾಶಿ ಬೀಳುವುದು. ದನಕರುಗಳು ತಿಂದು ಮಿಕ್ಕುದು ಒಣಗಿ, ತರಗಿನೊಡನೆ ಬೆಂಕಿಗೆ ಆಹುತಿಯಾಗುವುದುಂಟು. ಅದೇ ಊರಿನಲ್ಲಿ, ಹಸುವನ್ನು ಕಟ್ಟಲಾರದ ಬಡವರು ಬೇಸಗೆ ಬಂದೊಡನೆ ತಮ್ಮ ಮೇಕೆಮರಿಗಳಿಗೆ ಸೊಪ್ಪಿಲ್ಲದೆ ಬೇಲಿಬೇಲಿ ಅಲೆಯುವರು. ಪ್ರಸಾದದ ಅಗುಳೊಂದು ನೆಲಕ್ಕೆ ಬಿದ್ದರೆ ನೋಯುವ ನಾವು ಈ ಬೆಂಕಿಯನ್ನು ಹೇಗೆ ಸಹಿಸುವೆವೋ ತಿಳಿಯದು.

ಹಸುರು ಸೋಗೆಯನ್ನು ಅಂಗುಲದಷ್ಟಕ್ಕೆ ಕತ್ತರಿಸಿ, ಅರೆದಿನ ಬಾಡಿಸಿ, ಸ್ವಲ್ಪ ಕಾಕಂಬಿಯನ್ನು ನೀರಿನಲ್ಲಿ ಕದಡಿ ಚಿಮುಕಿಸಿ, ನೀರು ಒಸರದ ಗುಂಡಿಯಲ್ಲಿ ತುಳಿತುಳಿದು ತುಂಬಿ, ಗಾಳಿಯಾಡದಂತೆ ಮುಚ್ಚತಕ್ಕದ್ದು. ಹಾಲನ್ನು ಮೊಸರಾಗಿಸುವ ಜಾತಿಯ ಜೀವಾಣುಗಳೇ ಇಲ್ಲಿಯೂ ಹುಳಿಯನ್ನು ಹುಟ್ಟಿಸಿ ಮೇವನ್ನು ಕೆಡದಂತೆ ಕಾಯುವುವು. ಸುಮಾರು 45 ದಿನಗಳಿಗೆ ರಸಮೇವು ಹದವಾಗುವುದು.

ಆದರೆ ಇದೊಂದರಿಂದಲೇ ಮರಿ ಬೆಳೆಯದು. ಸೋಗೆಯ ಒಣತೂಕದ ನೂರು ಪಾಲಿನಲ್ಲಿ ಸಸಾರಜನಕವು ಸುಮಾರು 6 ಪಾಲು ಮಾತ್ರ. ಬೆಳೆಯುವ ಮರಿಗೆ 14ರಷ್ಟು ಬೇಕು. ಆ ಕೊರತೆಯನ್ನು ಅಗಸೆಸೊಪ್ಪು, ಕಡಲೆಕಾಯಿ ಹಿಂಡಿಗಳು ತುಂಬಬೇಕು. ಮೂರು ತಿಂಗಳು ತುಂಬದ ಮರಿಗೆ ರಸಮೇವು ಬೇಡ. ದೊಡ್ಡದಕ್ಕೂ ಮೊದಲು ಒಂದು ಹಿಡಿ, ಬಳಿಕ ಮೆಲ್ಲಮೆಲ್ಲನೆ ಹೆಚ್ಚು. ಬೂಷ್ಟು ಹಿಡಿದುದನ್ನು, ಕೊಳೆತು ನಾರುವುದನ್ನು ಲೋಭದಿಂದ ತಿನ್ನಿಸಲಾಗದು. ಅಂಥ ಮೇವಿನಿಂದ ಮಿದುಳಿಗೆ ಬೇನೆ ತಗಲಿ, ಮೇಕೆಯು ಕತ್ತು ಓರೆಮಾಡಿ ಒಂದೇ ಕಡೆಗೆ ಸುತ್ತುತ್ತ ಸಾಯುವುದುಂಟು. ಆದುದರಿಂದ ಗುಂಡಿಯನ್ನು ತೆರೆದ ಮೇಲೆ ದಿನಕ್ಕೊಂದು ಪದರವನ್ನು ತೆಗೆದು, ಆ ಕ್ಷಣವೇ ಮುಚ್ಚತಕ್ಕದ್ದು.