ಬರೆಯೋ ಕೈ ದುರ್ಗದಲ್ಲೂ ಇವೆ, ಬೆನ್ನು ತಟ್ಟೋ ಕೈ ಎಲ್ಲಿ?

(ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆಯ ಎಳೆಯ ಬರಹಗಾರರು ಹಿರಿಯೂರಿನಲ್ಲಿ ಸೇರಿದ್ದಾಗ ಆಡಿದ ಮಾತಿನ ಬರಹರೂಪ)



ವೇದಿಕೆ ಮೇಲಿರುವ ಗಣ್ಯರ ಹೆಸರನ್ನೆಲ್ಲ ಹೇಳಲು ಹೊರಟರೆ ಹತ್ತು ನಿಮಿಷ ಅದಕ್ಕೇ ಹೋಗುತ್ತದೆ. ಅವರೆಲ್ಲ ನನ್ನವರೇ, ಬೇಸರ ಮಾಡಿಕೊಳ್ಳುವುದಿಲ್ಲ. ನೇರವಾಗಿ ವಿಷಯಕ್ಕೆ ಬರುತ್ತೇನೆ.

ಹೋದ ತಿಂಗಳು ಒಬ್ಬ ಹುಡುಗ ನಮ್ಮ ಮನೆಗೆ ಬಂದ. ಗುಡ್ಡದ ಮೇಲೆ ಗಾಳಿಯಂತ್ರ ಕಾಯುವ ಕೆಲಸ. ರಾತ್ರಿಪಾಳಿ. ಚೀಲದಿಂದ ಒಂದು ಇನ್ನೂರು ಪುಟದ ನೋಟ್ ಬುಕ್ ತೆಗೆದು ಮುಂದಿಟ್ಟ. "ಸಾರ್, ರಾತ್ರಿ ನಿದ್ದೆ ಬರಬಾರ್ದು ಅಂತ ಬರ್ದಿದ್ದು. ಕಥೆ ಹೌದೋ ಅಲ್ವೋ ಗೊತ್ತಿಲ್ಲ. ಮನೇಲಿ ಬೈತಾರೆ. ಬರೆಯೋದು ಬಿಡ್ಲಾ, ಇಟ್ಕಳ್ಲಾ, ಒಂದು ಮಾತು ಹೇಳಿ" ಅಂದ. ಓದಿ ಹೇಳ್ತೀನಿ ಅಂದೆ. ಇವತ್ತು ಇಲ್ಲಿ ಆಡುವ ಮಾತೆಲ್ಲ ಅವನಿಗೆ ಕೊಡಬೇಕಾದ ಉತ್ತರ. ನಿಮ್ಮ ಚೀಲದಲ್ಲೂ ಅಂಥದೊಂದು ನೋಟ್ ಬುಕ್ ಇದ್ದರೆ ನಿಮಗೂ ಅದೇ ಉತ್ತರ.

ಅದಕ್ಕೆ ಮುಂಚೆ ನನ್ನದೊಂದು ತಪ್ಪೊಪ್ಪಿಗೆ. ನಾನೂ ಆ ವಯಸ್ಸಿನಲ್ಲಿ ಪದ್ಯ ಬರೆಯುತ್ತಿದ್ದೆ. ಒಬ್ಬ ದೊಡ್ಡವರ ಹತ್ತಿರ ತೋರಿಸಿದೆ. ಹೆಸರು ಬೇಡ, ಅವರು ಈಗಿಲ್ಲ. ಎರಡು ಹಾಳೆ ತಿರುವಿದರು. "ನಿಮ್ಮ ಕಡೆ ಭಾಷೆ ಒರಟು ಕಣಯ್ಯ, ಇದರಲ್ಲಿ ಕಾವ್ಯ ಆಗೋದಿಲ್ಲ" ಅಂದರು. ಮನೆಗೆ ಬಂದು ಅದನ್ನು ಬಚ್ಚಲ ಒಲೆಗೆ ಹಾಕಿದೆ. ನೀರು ಕಾಯ್ತು, ಸ್ನಾನ ಮಾಡಿದೆ. ಆಮೇಲೆ ಇಪ್ಪತ್ತು ವರ್ಷ ಒಂದು ಸಾಲು ಬರೆಯಲಿಲ್ಲ. ಆ ಪದ್ಯಗಳು ಚೆನ್ನಾಗಿದ್ದವು ಅಂತ ನಾನು ಹೇಳುತ್ತಿಲ್ಲ, ಕೆಟ್ಟದಾಗೇ ಇದ್ದಿರಬಹುದು. ಆದರೆ ಕೆಟ್ಟ ಪದ್ಯ ಬರೆದೇ ಒಳ್ಳೆಯದಕ್ಕೆ ಹೋಗಬೇಕು ಅನ್ನುವುದನ್ನು ಆವತ್ತು ಒಬ್ಬರಾದರೂ ಹೇಳಿದ್ದರೆ?

ಈಗ ನಮ್ಮ ಜಿಲ್ಲೆಯ ಕಥೆಗೆ ಬನ್ನಿ. ಚಳ್ಳಕೆರೆ ತಾಲ್ಲೂಕಿನ ತಳುಕು ನಿಮಗೆಲ್ಲ ಗೊತ್ತು. ಬಸ್ಸಿನಲ್ಲಿ ಹೋಗುವಾಗ ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ದಾಟಿಹೋಗುವ ಊರು. ಆ ಊರಿನ ಹೆಸರು ಹೊತ್ತ ಮನೆತನದಲ್ಲಿ ಟಿ. ಎಸ್. ವೆಂಕಣ್ಣಯ್ಯ, ಅವರ ತಮ್ಮ ತ. ಸು. ಶಾಮರಾಯ, ಇವರ ಅಣ್ಣನ ಮಗ ತ. ರಾ. ಸುಬ್ಬರಾಯ, ಅಂದರೆ ನಮ್ಮ ತ.ರಾ.ಸು. ಒಂದೇ ಮನೆಯಲ್ಲಿ ಮೂರು ಜನ! ಇನ್ನೊಂದು ಮಾತು ಕೇಳಿ. ಇವರ ಮನೆಮಾತು ತೆಲುಗು. ಕನ್ನಡಕ್ಕೆ ದುಡಿಯೋಕೆ ಮನೆಮಾತು ಯಾವತ್ತೂ ಅಡ್ಡ ಬಂದಿಲ್ಲ ಅನ್ನುವುದಕ್ಕೆ ಬೇಂದ್ರೆ, ಮಾಸ್ತಿ ಅಂತ ದೂರ ಹೋಗಬೇಕಾಗಿಲ್ಲ, ನಮ್ಮ ತಳುಕೇ ಸಾಕು.

ತ.ರಾ.ಸು. ಹದಿನೇಳರ ಹುಡುಗನಾಗಿದ್ದಾಗ ದೊಡ್ಡಪ್ಪ ವೆಂಕಣ್ಣಯ್ಯನವರ ಹತ್ತಿರ ಪಂಥ ಕಟ್ಟಿದರಂತೆ. ನಿಮ್ಮ ಹಾಗೆ ನಾನೂ ಸಾಹಿತ್ಯ ಬರೆಯಬಲ್ಲೆ ಅಂತ. ಪಂಥದ ಹಣ ಎರಡು ರೂಪಾಯಿ. ಹುಡುಗ 'ಪುಟ್ಟನ ಚೆಂಡು' ಅಂತ ಕಥೆ ಬರೆದ, ಗೆದ್ದ. ಆ ದೊಡ್ಡಪ್ಪ ಆಗ ಸಾಮಾನ್ಯರಲ್ಲ, ಮೈಸೂರಿನಲ್ಲಿ ಕನ್ನಡದ ಪ್ರೊಫೆಸರು. "ಹೋಗೋ, ಮೊದಲು ಪರೀಕ್ಷೆ ಪಾಸು ಮಾಡು" ಅನ್ನಬಹುದಿತ್ತು. ಅನ್ನಲಿಲ್ಲ. ಪಂಥಕ್ಕೆ ಒಪ್ಪಿದರು. ಆ ಎರಡು ರೂಪಾಯಿಯಿಂದ ಶುರುವಾದದ್ದು ಎಲ್ಲಿಗೆ ಹೋಯಿತು ನೋಡಿ. ಹಂಸಗೀತೆ ಬಂತು, ಅದು ಹಿಂದಿಯಲ್ಲಿ 1956ರಲ್ಲಿ 'ಬಸಂತ್ ಬಹಾರ್' ಸಿನಿಮಾ ಆಯಿತು. ನಾಗರಹಾವು ಬಂತು, 1972ರಲ್ಲಿ ಪುಟ್ಟಣ್ಣ ಕಣಗಾಲ್ ನಮ್ಮ ಕೋಟೆಗೇ ಕ್ಯಾಮೆರಾ ತಂದರು. ಕಂಬನಿಯ ಕುಯಿಲು, ರಕ್ತರಾತ್ರಿ, ತಿರುಗುಬಾಣ ಅಂತ ದುರ್ಗದ ನಾಯಕರ ಮೇಲೆ ಒಂದಾದ ಮೇಲೊಂದು ಕಾದಂಬರಿ. ಕೊನೆಗೆ 1982ರಲ್ಲಿ ದುರ್ಗಾಸ್ತಮಾನ. 1984ರಲ್ಲಿ ಅವರು ತೀರಿಕೊಂಡರು, 1985ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ಇದರಲ್ಲಿ ಬರೆಯುವವರು ಕಲಿಯಬೇಕಾದ್ದು ಒಂದಿದೆ. ದುರ್ಗ ಬಿದ್ದದ್ದು 1779ರಲ್ಲಿ, ಹೈದರಾಲಿ ಕಾಲದಲ್ಲಿ. ಎಲ್ಲರಿಗೂ ಗೊತ್ತಿರುವ, ಎಲ್ಲರೂ ಕೇಳಲು ಕಾದಿರುವ ಕಥೆ ಅದೇ. ನಾವಾಗಿದ್ದರೆ ಮೊದಲ ಪುಸ್ತಕದಲ್ಲೇ ಮದಕರಿ ನಾಯಕನನ್ನು ತಂದು, ಓಬವ್ವನ ಒನಕೆ ಎತ್ತಿಸಿ, ಚಪ್ಪಾಳೆ ಹೊಡೆಸಿಕೊಂಡು ಮುಗಿಸುತ್ತಿದ್ದೆವು. ಅವರು ಹಿಂದಿನ ನಾಯಕರ ಕಾಲದಿಂದ ಹೊರಟು, ವರ್ಷಾನುಗಟ್ಟಲೆ ಅದೇ ಕೋಟೆಯನ್ನು ಮತ್ತೆ ಮತ್ತೆ ಹತ್ತಿ ಇಳಿದು, ಅಸ್ತಮಾನವನ್ನು ಕಟ್ಟಕಡೆಗೆ ಬರೆದರು. ಒಂದೇ ಊರು, ಎಂಟು ಕಾದಂಬರಿ. ನಮ್ಮೂರಲ್ಲಿ ಬರೆಯೋಕೆ ಏನಿದೆ ಸಾರ್ ಅನ್ನುವ ಹುಡುಗರಿಗೆ ನಾನು ಹೇಳುವುದು ಇಷ್ಟೇ: ಆ ಎಂಟನ್ನು ಓದಿ ಬಾ, ಆಮೇಲೆ ಮಾತಾಡೋಣ.

ಈಗ ವೆಂಕಣ್ಣಯ್ಯನವರ ವಿಷಯ. ಎಲ್ಲರೂ ಬರೆದವರ ಹೆಸರು ಹೇಳುತ್ತಾರೆ, ಬರೆಸಿದವರನ್ನು ಮರೆಯುತ್ತಾರೆ. ಅವರು ತಾವೇ ಬರೆದದ್ದು ಹೆಚ್ಚಿಲ್ಲ. ಆದರೆ ಅವರ ಶಿಷ್ಯರ ಸಾಲಿನಲ್ಲಿ ಕುವೆಂಪು ಇದ್ದರು. 1927ರಲ್ಲಿ ಮೈಸೂರಿನಲ್ಲಿ ಕನ್ನಡ ಎಂ.ಎ. ಶುರುವಾದಾಗ ಮೊದಲ ತಂಡದಲ್ಲೇ ಪುಟ್ಟಪ್ಪ ಸೇರಿದರು. ಆ ಕಾಲದಲ್ಲಿ ಕನ್ನಡ ಓದಿದರೆ ಅನ್ನ ಹುಟ್ಟುತ್ತದೆಯೇ ಅಂತ ಕೇಳುವವರೇ ಎಲ್ಲ. ಇವತ್ತೂ ಕೇಳುತ್ತಾರೆ, ಬಿಡಿ. ವೆಂಕಣ್ಣಯ್ಯನವರು 1939ರಲ್ಲೇ ತೀರಿಕೊಂಡರು. ಶ್ರೀ ರಾಮಾಯಣ ದರ್ಶನಂ ಅಚ್ಚಾಗಿ ಬಂದದ್ದು 1949ರಲ್ಲಿ. ಗುರು ಹೋಗಿ ಹತ್ತು ವರ್ಷ ಆಗಿತ್ತು. ಆದರೂ ಆ ಮಹಾಕಾವ್ಯದ ಅರ್ಪಣೆ ಯಾರಿಗೆ? ನಮ್ಮ ತಳುಕಿನ ವೆಂಕಣ್ಣಯ್ಯನವರಿಗೆ. 1967ರ ಜ್ಞಾನಪೀಠ ಕನ್ನಡಕ್ಕೆ ಮೊದಲ ಸಲ ಬಂದಾಗ ಆ ಪುಸ್ತಕದ ಮೊದಲ ಹಾಳೆಯಲ್ಲಿ ಚಿತ್ರದುರ್ಗ ಜಿಲ್ಲೆ ಇತ್ತು! ಇದನ್ನು ನಮ್ಮ ಎಷ್ಟು ಶಾಲೆಗಳಲ್ಲಿ ಹೇಳಿಕೊಡುತ್ತಾರೆ?

ಕುವೆಂಪು ಅವರ ಇನ್ನೊಂದು ಪ್ರಸಂಗ ನಿಮಗೆ ಗೊತ್ತಿರುವುದೇ. ಅವರು ಮೊದಲು ಬರೆದದ್ದು ಇಂಗ್ಲಿಷಿನಲ್ಲಿ. 1922ರಲ್ಲಿ ಇಂಗ್ಲಿಷ್ ಪದ್ಯಗಳ ಪುಸ್ತಕವೂ ಬಂದಿತ್ತು. ಐರ್ಲೆಂಡಿನ ಕವಿ ಜೇಮ್ಸ್ ಕಸಿನ್ಸ್ ಮೈಸೂರಿಗೆ ಬಂದಾಗ ಹುಡುಗ ಹೆಮ್ಮೆಯಿಂದ ತೋರಿಸಿದ. ಆತ ಓದಿ, ನಿನ್ನ ಭಾಷೆಯಲ್ಲಿ ಏನು ಬರೆದಿದ್ದೀಯ ಅಂತ ಕೇಳಿದ, ಅದರಲ್ಲೇ ಬರೆ ಅಂದ. ಹುಡುಗನಿಗೆ ಆವತ್ತು ಕೋಪ ಬಂದಿತ್ತು, ಅಸಮಾಧಾನವಾಗಿತ್ತು. ಆದರೆ ಮಾತು ಕೆಲಸ ಮಾಡಿತು. ನೋಡಿ, ಪ್ರೋತ್ಸಾಹ ಅಂದರೆ ಬರೀ ಶಭಾಷ್ ಅಲ್ಲ. ಕೆಲವು ಸಲ ಅದು ದಾರಿ ತಪ್ಪಿದವನ ಹೆಗಲು ಹಿಡಿದು ತಿರುಗಿಸುವುದು. ನನ್ನ ನೋಟ್ ಬುಕ್ ತಿರುವಿದ ದೊಡ್ಡವರೂ ತಪ್ಪು ತೋರಿಸಿದರು, ಕಸಿನ್ಸ್ ಕೂಡ ತೋರಿಸಿದ. ಒಬ್ಬರು ನಿನ್ನ ಮಾತಿನಲ್ಲಿ ಆಗೋದಿಲ್ಲ ಅಂದರು, ಇನ್ನೊಬ್ಬ ನಿನ್ನ ಮಾತಿನಲ್ಲೇ ಆಗುತ್ತದೆ ಅಂದ. ಅಷ್ಟೇ ವ್ಯತ್ಯಾಸ.

ಈಗ ಅಭ್ಯಾಸದ ವಿಷಯ. ಸಮಯ ಸಿಗೋದಿಲ್ಲ ಸಾರ್ ಅನ್ನುವವರು ಕಿವಿಗೊಟ್ಟು ಕೇಳಿ. ಇಂಗ್ಲೆಂಡಿನಲ್ಲಿ ಆಂಥೊನಿ ಟ್ರೊಲೊಪ್ ಅಂತ ಒಬ್ಬ ಕಾದಂಬರಿಕಾರ ಇದ್ದ. ಅಂಚೆ ಇಲಾಖೆ ನೌಕರ. ಬೆಳಿಗ್ಗೆ ಐದೂವರೆಗೆ ಮೇಜಿನ ಮುಂದೆ ಕೂರುತ್ತಿದ್ದ. ಗಡಿಯಾರ ಎದುರಿಗಿಟ್ಟುಕೊಂಡು ಕಾಲುಗಂಟೆಗೆ 250 ಪದ ಅಂತ ಲೆಕ್ಕ. ಆಮೇಲೆ ಕಚೇರಿ. ಅವನನ್ನು ಎಬ್ಬಿಸಿ ಕಾಫಿ ಕೊಡಲು ಒಬ್ಬ ಮುದುಕ ಆಳು, ಅದಕ್ಕೆಂದೇ ವರ್ಷಕ್ಕೆ ಐದು ಪೌಂಡ್ ಹೆಚ್ಚಿಗೆ ಕೊಡುತ್ತಿದ್ದ. ತನ್ನ ಆತ್ಮಕಥೆಯಲ್ಲಿ, ನನ್ನ ಯಶಸ್ಸಿಗೆ ಆ ಆಳಿನಷ್ಟು ಕಾರಣರಾದವರು ಯಾರೂ ಇಲ್ಲ ಅನ್ನುವ ಅರ್ಥದಲ್ಲಿ ಬರೆದುಕೊಂಡಿದ್ದಾನೆ. ನನಗೆ ಈ ಮನುಷ್ಯನ 250 ಪದದ ಲೆಕ್ಕಕ್ಕಿಂತ ಆ ಎಬ್ಬಿಸುವವನೇ ಹೆಚ್ಚು ಇಷ್ಟ. ನಮ್ಮನ್ನು ಎಬ್ಬಿಸುವವರು ಯಾರು?

ನಮ್ಮ ಕಾರಂತಜ್ಜ ಬಾಲಪ್ರಪಂಚವನ್ನೂ ವಿಜ್ಞಾನ ಪ್ರಪಂಚವನ್ನೂ ಒಬ್ಬರೇ ಬರೆದರು, ಒಂದು ಸಂಸ್ಥೆ ಮಾಡಬೇಕಾದ ಕೆಲಸ. ತೊಂಬತ್ತು ದಾಟಿದ ಮೇಲೂ ಹಕ್ಕಿಗಳ ಬಗ್ಗೆ ಪುಸ್ತಕ ಬರೆಯುತ್ತಾ ಕೂತರು. ಎಂ. ಕೆ. ಇಂದಿರಾ ಅವರು ಶಾಲೆ ಕಲಿತದ್ದು ಕಡಿಮೆ, ಕಾದಂಬರಿಗೆ ಕೈ ಹಾಕಿದಾಗ ವಯಸ್ಸು ನಲವತ್ತೈದರ ಆಸುಪಾಸು. 1963ರಲ್ಲಿ ತುಂಗಭದ್ರಾ, 1976ರಲ್ಲಿ ಫಣಿಯಮ್ಮ. ತ್ರಿವೇಣಿ ಅವರಿಗೆ ಸಿಕ್ಕಿದ್ದು ಹತ್ತೇ ವರ್ಷ, 1963ರಲ್ಲಿ ಹೋಗಿಬಿಟ್ಟರು. ಆ ಹತ್ತರಲ್ಲೇ ಇಪ್ಪತ್ತರ ಹತ್ತಿರ ಕಾದಂಬರಿ. ಇಲ್ಲಿ ಕೂತಿರುವ ತಾಯಂದಿರು ಇದನ್ನು ಗುರುತು ಹಾಕಿಕೊಳ್ಳಿ.

ಹಾಗಂತ ನಾಳೆಯಿಂದ ಎಲ್ಲರೂ ಐದೂವರೆಗೆ ಏಳಿ ಅಂತ ನಾನು ಹೇಳುವುದಿಲ್ಲ. ಹಾಲು ಕರೆಯುವವರು, ನಲ್ಲಿ ನೀರಿಗೆ ಕಾಯುವವರು ಆಗಲೇ ಎದ್ದಿರುತ್ತಾರೆ. ಗಾಳಿಯಂತ್ರ ಕಾಯುವ ಹುಡುಗ ಐದೂವರೆಗೆ ಮಲಗಲು ಹೋಗುತ್ತಾನೆ! ಅವನ ಹೊತ್ತು ರಾತ್ರಿ ಎರಡರಿಂದ ಮೂರು. ದೊಡ್ಡವರ ಅಭ್ಯಾಸ ಅವರ ಅಳತೆಗೆ ಹೊಲಿದ ಅಂಗಿ. ಹೊಲಿಗೆ ನೋಡಿಕೊಳ್ಳಿ, ಅಳತೆ ನಿಮ್ಮದೇ ಕೊಡಿ.

ಹೊಳಲ್ಕೆರೆಯವರು ಕೈ ಎತ್ತಿ ನೋಡೋಣ. ಭಲೆ. ಮಲ್ಲಾಡಿಹಳ್ಳಿ ನಿಮ್ಮ ತಾಲ್ಲೂಕು. ರಾಘವೇಂದ್ರ ಸ್ವಾಮಿಗಳು 1943ರಲ್ಲಿ ಅನಾಥ ಸೇವಾಶ್ರಮ ಕಟ್ಟಿದರು. ಯೋಗ ಕಲಿಸಿದರು, ವೈದ್ಯ ಮಾಡಿದರು, ಊರೂರು ತಿರುಗಿ ಬೇಡಿ ತಂದು ಮಕ್ಕಳಿಗೆ ಶಾಲೆ ನಡೆಸಿದರು. ಅಷ್ಟರ ನಡುವೆ ಬರೆದರು. ಇಟ್ಟುಕೊಂಡ ಹೆಸರು 'ತಿರುಕ'. ಬಿರುದು ಬಾವಲಿ ಹುಡುಕುವ ನಮ್ಮ ಕವಿಗಳು ಒಂದು ಸಲ ಆ ಹೆಸರನ್ನು ಬಾಯಿಬಿಟ್ಟು ಅಂದು ನೋಡಬೇಕು. ಅದೇ ಮಲ್ಲಾಡಿಹಳ್ಳಿಯಲ್ಲಿ ಮೇಷ್ಟರಾಗಿ ಬಂದ ರಾಘವೇಂದ್ರ ಪಾಟೀಲರು ಬೆಳಗಾವಿ ಜಿಲ್ಲೆಯವರು. ಆ ಹಳ್ಳಿಯಿಂದಲೇ 'ಸಂವಾದ' ಅಂತ ಸಾಹಿತ್ಯ ಪತ್ರಿಕೆ ನಡೆಸಿದರು, 'ತೇರು' ಕಾದಂಬರಿಗೆ 2005ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದರು. ಪತ್ರಿಕೆ ಬೆಂಗಳೂರಿನಿಂದಲೇ ಬರಬೇಕು ಅಂತ ಯಾವ ಶಾಸನದಲ್ಲಿದೆ?

ಹೊಸದುರ್ಗದವರಿಗೆ ಸಾಣೇಹಳ್ಳಿ ಇದೆ. ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮಿಗಳ ಶಿವಸಂಚಾರ 1997ರಿಂದ ನಾಟಕ ಹೊತ್ತು ಊರೂರು ಸುತ್ತುತ್ತಿದೆ. ಬರೆಯುವವರು ಅಲ್ಲಿ ತಾಲೀಮು ನಡೆಯುವಾಗ ಹೋಗಿ ಸುಮ್ಮನೆ ಮೂಲೆಯಲ್ಲಿ ಕೂರಬೇಕು. ಒಂದು ಮಾತನ್ನು ನಟ ಎಷ್ಟು ಸಲ ಹೇಳಿ ನೋಡುತ್ತಾನೆ! ನಾವು ಒಂದು ಸಲ ಬರೆದು, ತಿರುಗಿ ಓದದೆ, ಪತ್ರಿಕೆಗೆ ಕಳಿಸಿ, ಮುಂದಿನ ವಾರ ಬರಲಿಲ್ಲ ಅಂತ ಸಂಪಾದಕರನ್ನು ಬೈಯುತ್ತೇವೆ.

ಈಗ ಒರಟು ಭಾಷೆಯ ಮಾತು. ನನ್ನ ಎದೆಯಲ್ಲಿ ಇನ್ನೂ ಚುಚ್ಚುವ ಮುಳ್ಳು ಅದು. ಬೆಳಗೆರೆ ಕೃಷ್ಣಶಾಸ್ತ್ರಿಗಳು ಚಳ್ಳಕೆರೆ ತಾಲ್ಲೂಕಿನವರು, ಗಾಂಧೀವಾದಿ, ಮೇಷ್ಟರು. ಮುಕುಂದೂರು ಸ್ವಾಮಿಗಳ ಬಗ್ಗೆ ಅವರು ಬರೆದ ಪುಸ್ತಕದ ಹೆಸರೇ 'ಯೇಗ್ದಾಗೆಲ್ಲಾ ಐತೆ'. ನಾವು ಸಂತೆಯಲ್ಲಿ ಆಡುವ ಮಾತು! 'ಯೋಗದಲ್ಲಿ ಎಲ್ಲವೂ ಇದೆ' ಅಂತ ತಿದ್ದಿ ಅಚ್ಚು ಹಾಕಿದ್ದರೆ ಅದನ್ನು ಯಾರು ಮುಟ್ಟುತ್ತಿದ್ದರು? ನಾಡಿನ ಎಲ್ಲ ಕಡೆಯವರೂ ಅದನ್ನು ತಲೆ ಮೇಲೆ ಹೊತ್ತುಕೊಂಡು ಓದಿದರು, ಮತ್ತೆ ಮತ್ತೆ ಅಚ್ಚಾಯಿತು. ಅದೇ ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿಗೆ ಅಕ್ಷರವೇ ಬರುತ್ತಿರಲಿಲ್ಲ. ಸಾವಿರಾರು ಪದ ಬಾಯಲ್ಲಿತ್ತು. ಕೃಷ್ಣಮೂರ್ತಿ ಹನೂರರು ಆಕೆಯ ಮುಂದೆ ಕೂತು ಕೇಳಿದರು, ಬರೆದುಕೊಂಡರು. ಹಿರಿಯೂರು ಸುತ್ತಿನ ಹಟ್ಟಿಗಳಲ್ಲಿ ಇಂಥ ಅಜ್ಜಿಯರು ಇನ್ನೂ ಇದ್ದಾರೆ. ನಿಮ್ಮ ಮೊಬೈಲಿನಲ್ಲಿ ಧ್ವನಿ ಹಿಡಿಯುವ ಗುಂಡಿ ಇದೆಯಲ್ಲ, ಅದನ್ನು ಒತ್ತಿ ಒಂದು ಸಂಜೆ ಅಲ್ಲಿ ಕೂತು ಬನ್ನಿ. ಮಾತಿನ ಲಯ ಎಲ್ಲಿಂದ ಬರುತ್ತದೆ ಅಂತ ಯಾವ ಕಾರ್ಯಾಗಾರದಲ್ಲೂ ಅಷ್ಟು ಚೆನ್ನಾಗಿ ಹೇಳಿಕೊಡುವುದಿಲ್ಲ.

ನಾವು ಬೋರ್ಡಿನಲ್ಲಿ ಕನ್ನಡ ಬರಲಿ ಅಂತ ಹೋರಾಡುತ್ತೇವೆ. ಹೋರಾಡಲೇಬೇಕು, ನಾನೂ ಬಿಸಿಲಲ್ಲಿ ನಿಂತವನೇ. ಅ.ನ.ಕೃ. ಅವರೂ ಬೀದಿಗೆ ಇಳಿದರು, ಆದರೆ ಮನೆಗೆ ಬಂದು ಲೇಖನಿ ಹಿಡಿದರು, ನೂರಕ್ಕೂ ಹೆಚ್ಚು ಕಾದಂಬರಿ ಬರೆದರು. ಪ್ರಗತಿಶೀಲರು ಅಂತ ನಮ್ಮ ತ.ರಾ.ಸು., ಕಟ್ಟೀಮನಿ, ನಿರಂಜನ, ಚದುರಂಗ ಎಲ್ಲ ಅವರ ಜೊತೆ ಒಂದು ಬಳಗವಾಗಿ ಬೆಳೆದರು. ಒಬ್ಬನೇ ಕೂತು ಬರೆಯಬೇಕು ನಿಜ, ಒಬ್ಬನೇ ಕೂತು ಬಾಳೋಕಾಗಲ್ಲ. ನಮ್ಮ ನಾಲ್ಕು ತಾಲ್ಲೂಕಿನಲ್ಲಿ ತಿಂಗಳಿಗೊಂದು ಭಾನುವಾರ, ಒಂದು ಸಲ ದುರ್ಗ, ಒಂದು ಸಲ ಹಿರಿಯೂರು, ಹೀಗೆ ಸುತ್ತು ಹಾಕಿ ಹತ್ತು ಜನ ಸೇರೋಣ. ಹಾರ ಬೇಡ, ಶಾಲು ಬೇಡ, ಅಧ್ಯಕ್ಷರು ಬೇಡ. ಟೀ ಇರಲಿ, ಮಂಡಕ್ಕಿ ಇರಲಿ. ಒಬ್ಬರು ಓದಬೇಕು, ಉಳಿದವರು ಕೇಳಬೇಕು. ಚೆನ್ನಾಗಿದೆ ಅಂತ ಬಾಯಿಮಾತಿಗೆ ಹೇಳಿ ಎದ್ದು ಹೋಗುವ ಹಾಗಿಲ್ಲ. ಯಾವ ಸಾಲು ಹಿಡಿಸಿತು, ಎಲ್ಲಿ ಆಕಳಿಕೆ ಬಂತು, ಎರಡನ್ನೂ ಹೇಳಬೇಕು.

ಆಗೋದಿಲ್ಲ ಅನ್ನುವವರು ನಮ್ಮ ಮಾರಿಕಣಿವೆ ನೋಡಿ. 1933ರಲ್ಲಿ ತುಂಬಿದ್ದು, ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಎಂಬತ್ತೊಂಬತ್ತು ವರ್ಷ! ಇನ್ನು ತುಂಬೋದಿಲ್ಲ ಅಂತ ಹೇಳುತ್ತಲೇ ಎರಡು ತಲೆಮಾರು ಮಣ್ಣಾಯಿತು. ನಮ್ಮ ಬಳಗ ಅಷ್ಟು ಕಾಯಿಸದಿರಲಿ ಅಂತ ಕೇಳಿಕೊಳ್ಳುತ್ತೇನೆ, ನನಗೆ ಅಷ್ಟು ಆಯಸ್ಸಿಲ್ಲ.

ಆ ಹುಡುಗ ಇವತ್ತು ಇಲ್ಲಿಗೆ ಬಂದಿಲ್ಲ. ಪಾಳಿ ಬದಲಿಸಿಕೊಳ್ಳೋಕೆ ಆಗಲಿಲ್ಲವಂತೆ. ನೋಟ್ ಬುಕ್ ಇಲ್ಲಿದೆ ನೋಡಿ. ಇದರಲ್ಲಿ ಒಂಬತ್ತು ಕಥೆ. ಆರು ಸಿನಿಮಾ ನೋಡಿ ಬರೆದವು, ಅವನ್ನು ಅವನಿಗೇ ಹೇಳುತ್ತೇನೆ. ಎರಡು ಪರವಾಗಿಲ್ಲ. ಒಂದರಲ್ಲಿ, ರಾತ್ರಿ ಗಾಳಿ ನಿಂತು ಯಂತ್ರದ ರೆಕ್ಕೆ ತಿರುಗದೆ ಹೋದಾಗ ಗುಡ್ಡದ ಕೆಳಗಿನ ಊರಲ್ಲಿ ಯಾರದೋ ಮಗು ಅಳುವುದು ಇವನಿಗೆ ಕೇಳಿಸುತ್ತದೆ. ಆ ಮೂರು ಪುಟವನ್ನು ನಾನು ನಾಲ್ಕು ಸಲ ಓದಿದೆ. ಪಕ್ಕದಲ್ಲಿ ಪೆನ್ಸಿಲ್ಲಿನಲ್ಲಿ ಗುರುತು ಹಾಕಿದ್ದೇನೆ. ಭಾನುವಾರ ಸಂಜೆ, ಅವನು ಪಾಳಿಗೆ ಹೋಗುವ ಮುಂಚೆ, ಗುಡ್ಡಕ್ಕೆ ಹೋಗಿ ಕೊಟ್ಟು ಬರುತ್ತೇನೆ. ಜೊತೆಗೆ ಯಾರು ಬರುತ್ತೀರಿ? ಬೈಕ್ ಇರುವವರು ಇಬ್ಬರು ಬಂದರೆ ಒಳ್ಳೆಯದು, ನನ್ನದು ಆ ಏರಿನಲ್ಲಿ ಹತ್ತೋದಿಲ್ಲ.